ಅತಿಥಿಗಳ ಆಯ್ಕೆ: ಹಕ್ಕು ಮತ್ತು ಎಲ್ಲೆ

ಕೊಡಗಿನ ಕಾಫಿ ತೋಟಗಳ ಹೋಂಸ್ಟೇಗಳಲ್ಲಿ ಮಾಲೀಕರ ಕುಟುಂಬವೂ ಅತಿಥಿಗಳೂ ಒಂದೇ ಸೂರಿನಡಿ ತಂಗುವುದುಂಟು. ಇರುವುದು ನಾಲ್ಕಾರು ಕೋಣೆಗಳು. ಗದ್ದಲದ ಒಂದು ತಂಡ ಬಂದರೆ ಉಳಿದವರು ಮತ್ತೆ ಇತ್ತ ಸುಳಿಯರು. ಆದುದರಿಂದಲೇ ಹಲವು ಮಾಲೀಕರು ಮುಂಗಡ ಪಡೆಯುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿ, ಒಪ್ಪಿಗೆಯಾಗದವರನ್ನು ವಿನಯದಿಂದ ನಿರಾಕರಿಸುತ್ತಾರೆ. ಖಾಲಿ ಕೋಣೆಯ ಒಂದು ರಾತ್ರಿಯ ಆದಾಯ ಮರಳಿ ಬಾರದು. ಕೆಟ್ಟ ಹೆಸರು ಅದಕ್ಕಿಂತ ದುಬಾರಿ.

ಆದರೆ ಈ ಆಯ್ಕೆಗೆ ಎಲ್ಲೆಯುಂಟು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದಲೇ ಹೋಟೆಲು ಪ್ರವೇಶಕ್ಕೆ ಅಡ್ಡಿಪಡಿಸುವುದನ್ನು ಸಂವಿಧಾನದ 15(2)ನೇ ವಿಧಿಯು ನಿಷೇಧಿಸಿದೆ. ಅಸ್ಪೃಶ್ಯತೆಯ ನೆಲೆಯ ನಿರಾಕರಣೆಯು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಶಿಕ್ಷಾರ್ಹ; ವಸತಿಗೃಹಗಳೂ ಅದರ ವ್ಯಾಪ್ತಿಗೆ ಒಳಪಟ್ಟಿವೆ.

ಮದ್ಯ, ಸಂಗೀತ, ತಂಡದ ಗಾತ್ರ, ವೇಳೆಗಳ ನಿಯಮಗಳನ್ನು ಮೊದಲೇ ಬರಹದಲ್ಲಿ ತಿಳಿಸಿ, ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಮಾಲೀಕರು ನಷ್ಟವನ್ನೂ ವ್ಯಾಜ್ಯವನ್ನೂ ತಪ್ಪಿಸಿಕೊಳ್ಳಬಹುದು.