ವೈಣಿಕನೂ ಅವನ ಸಭೆಗಳೂ



ಗಾಯಕನಿಗೆ ಸಾಹಿತ್ಯದ ನೆರವುಂಟು. ಪಕ್ಕದಲ್ಲಿ ಕುಳಿತ ಪಿಟೀಲಿನವರು ಅವನ ಸ್ವರವನ್ನು ಹಿಂಬಾಲಿಸಿ, ಅವನು ಕೊಂಚ ವಿಶ್ರಮಿಸಿಕೊಳ್ಳುವಷ್ಟು ಹೊತ್ತು ರಾಗವನ್ನು ತಾವೇ ನಡೆಸಿಕೊಂಡು ಹೋಗುವರು. ತನಿಯಾಗಿ ವೀಣೆಯನ್ನು ನುಡಿಸಲು ಕುಳಿತವನಿಗೆ ಸಾಮಾನ್ಯವಾಗಿ ಈ ಎರಡು ಅನುಕೂಲಗಳೂ ಇಲ್ಲ. ಮೃದಂಗದವರು ಲಯಕ್ಕೆ ಜೊತೆಯಾದರೂ ರಾಗದ ಭಾರವೆಲ್ಲ ಅವನೊಬ್ಬನದೇ. ಇಂಥವನು ಒಂದು ದಿನ ಮದುವೆಯ ಮನೆಯಲ್ಲಿ, ಮತ್ತೊಂದು ದಿನ ದೇವರ ಸನ್ನಿಧಿಯಲ್ಲಿ, ಮಗುದೊಂದು ದಿನ ಸಂಗೀತ ಸಭೆಯಲ್ಲಿ ಕುಳಿತು ಬೇರೆ ಬೇರೆ ಅಭಿರುಚಿಯವರನ್ನು ಒಲಿಸಬೇಕಾಗುವುದು. ಹಾಗೆ ಒಲಿಸುವಾಗ ಅವನು ಯಾವುದನ್ನು ಮಾರ್ಪಡಿಸಬಹುದು, ಯಾವುದನ್ನು ಮಾರ್ಪಡಿಸಕೂಡದು ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಮೊದಲು ವಾದ್ಯದ ಸ್ವಭಾವವನ್ನು ತಿಳಿಯಬೇಕು. ವೀಣೆಗೆ 24 ಮೆಟ್ಟಿಲುಗಳು. ನುಡಿಸುವುದಕ್ಕೆ 4 ತಂತಿಗಳು, ಶ್ರುತಿತಾಳಗಳಿಗೆ 3 ತಂತಿಗಳು. ಪಿಟೀಲಿನವನು ಕಮಾನನ್ನು ಎಳೆಯುತ್ತಿರುವವರೆಗೂ ನಾದ ನಿಲ್ಲುವುದು. ವೀಣೆಯಲ್ಲಾದರೋ ಮೀಟಿದ ಕ್ಷಣದಿಂದಲೇ ನಾದವು ಕ್ಷೀಣಿಸತೊಡಗುವುದು. ಹೀಗೆ ಇಳಿಯುತ್ತಿರುವ ನಾದದಲ್ಲಿಯೇ ವೈಣಿಕನು ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು ಗಮಕವನ್ನು ತೋರಿಸಬೇಕು. ಆ ಅರೆಕ್ಷಣದಲ್ಲಿ ಸಭೆಯೊಳಗೆ ಮಾತೆದ್ದಿತೆಂದರೆ ಅವನು ಕೊಟ್ಟದ್ದರಲ್ಲಿ ಅತ್ಯಂತ ಸೂಕ್ಷ್ಮವಾದುದೇ ನಷ್ಟವಾಯಿತು. ಆದುದರಿಂದ ಇತರ ಕಲಾವಿದರಿಗಿಂತ ವೈಣಿಕನು ಕೇಳುವವರ ಸಹನೆಗೆ ಹೆಚ್ಚು ಅಧೀನನು.

ಅರಮನೆಯ ಸಭೆ ಈ ವಾದ್ಯಕ್ಕೆ ಒಪ್ಪುವಂಥದಾಗಿತ್ತು. ವೀಣೆ ಶೇಷಣ್ಣನವರು (1852–1926) ಮೈಸೂರಿನ ಆಸ್ಥಾನದಲ್ಲಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರಿಂದ ‘ವೈಣಿಕ ಶಿಖಾಮಣಿ’ ಎಂಬ ಬಿರುದನ್ನು ಪಡೆದರು. ಅಂಥ ಸಭೆಯಲ್ಲಿ ಕೇಳುವವರು ಕೆಲವರೇ. ಅವರಲ್ಲಿ ಬಲ್ಲವರೂ ಇರುತ್ತಿದ್ದರು. ರಾಗವನ್ನು ಸಾವಧಾನವಾಗಿ ಬೆಳೆಸಿ, ವೀಣೆಗೆ ಸಹಜಸಂಪತ್ತಾದ ತಾನವನ್ನು ವಿಸ್ತರಿಸಲು ಅಲ್ಲಿ ಅವಕಾಶವಿತ್ತು. ಆದರೆ ಆ ಸುಖಕ್ಕೆ ತಕ್ಕ ಭಯವೂ ಉಂಟು. ಬಲ್ಲವರ ಮುಂದೆ ಅಲ್ಪದೋಷವೂ ಮರೆಯಾಗದು. ಜೀವನವೆಲ್ಲ ಒಬ್ಬ ಪ್ರಭುವಿನ ಪ್ರಸನ್ನತೆಯನ್ನು ಅವಲಂಬಿಸಿರುವುದು.

ಮದುವೆಯ ಮನೆಯ ರೀತಿಯೇ ಬೇರೆ. ಅಲ್ಲಿಗೆ ಜನರು ಬಂದಿರುವುದು ವಧೂವರರನ್ನು ನೋಡಲು, ನೆಂಟರನ್ನು ಮಾತನಾಡಿಸಲು. ಮಕ್ಕಳ ಕೂಗು, ಪನ್ನೀರುದಾನಿಯ ಓಡಾಟ, ಊಟಕ್ಕೆ ಎಬ್ಬಿಸುವವರ ಸಡಗರ, ಇವುಗಳ ನಡುವೆ ವಿಳಂಬದ ಆಲಾಪನೆಯನ್ನು ಹಿಡಿದು ಕುಳಿತರೆ ಅದು ಕೇಳುವವರಿಗೂ ಹಿತವಲ್ಲ, ರಾಗಕ್ಕೂ ಗೌರವವಲ್ಲ. ವಿವೇಕಿಯಾದ ವೈಣಿಕನು ಮಧ್ಯಮಕಾಲದ ಚಿಕ್ಕ ಕೃತಿಗಳನ್ನೂ ಎಲ್ಲರಿಗೂ ಪರಿಚಿತವಾದ ದೇವರನಾಮಗಳನ್ನೂ ಆರಿಸಿಕೊಳ್ಳುವನು. ಇದನ್ನು ಹೀನವೆಂದು ಎಣಿಸಬೇಕಾಗಿಲ್ಲ. ವೇದಿಕೆಯ ಹತ್ತಿರ ಬೆರಳುಗಳನ್ನೇ ದಿಟ್ಟಿಸುತ್ತ ನಿಂತ ಒಂದು ಮಗುವು ವೀಣೆಯನ್ನು ಮೊದಲು ಕೇಳುವುದು ಅಲ್ಲಿಯೇ ಆಗಿರಬಹುದು.

ಶ್ರೀರಾಮನವಮಿಯ ಚಪ್ಪರದಲ್ಲಿ ಪಂಡಿತನೂ ದಾರಿಹೋಕನೂ ಒಂದೇ ಜಮಖಾನದ ಮೇಲೆ ಕೂರುವರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಲಿಯ ಉತ್ಸವವು ಇಂಥ ಮಿಶ್ರಸಭೆಗೆ ಒಳ್ಳೆಯ ನಿದರ್ಶನ. ಇಲ್ಲಿ ಕ್ರಮವೇ ಮುಖ್ಯವಾಗುವುದು. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ವರ್ಣದಿಂದ ಮೊದಲುಗೊಂಡು, ಹಲವು ಕೃತಿಗಳನ್ನು ಹಾಡಿ, ಕೊನೆಗೆ ಲಘುವಾದ ರಚನೆಗಳಿಂದ ಮುಗಿಸುವ ಕಚೇರಿಯ ಪದ್ಧತಿಯನ್ನು ರೂಢಿಗೆ ತಂದುದರ ರಹಸ್ಯವೂ ಇದೇ: ಬಂದವರಲ್ಲಿ ಯಾರೂ ಬರಿಗೈಯಲ್ಲಿ ಹಿಂದಿರುಗಬಾರದು.

ಸಭೆ ದೊಡ್ಡದಾದಂತೆ ನಾದ ಸಾಲದಾಯಿತು. ಹಿಂದೆ ಕುಳಿತವರಿಗೂ ಕೇಳಲೆಂದು ಪಿಟೀಲು ಚೌಡಯ್ಯನವರು (1895–1967) ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದರು. ವೀಣೆಗೆ ಆಸರೆಯಾದುದು ಧ್ವನಿವರ್ಧಕ. ಆದರೆ ಆ ಯಂತ್ರವು ನಾದವನ್ನು ದೊಡ್ಡದು ಮಾಡೀತೇ ಹೊರತು ಕೇಳುವವರಲ್ಲಿ ಏಕಾಗ್ರತೆಯನ್ನು ಹುಟ್ಟಿಸಲಾರದು. ಚಪ್ಪಾಳೆಯ ಸದ್ದು ಹೆಚ್ಚಾದಲ್ಲಿ ವೇಗವನ್ನು ಹೆಚ್ಚಿಸುವ ಆಸೆಯೂ ಬೆಳೆಯುವುದುಂಟು. ವೈಣಿಕನಿಗೆ ನಿಜವಾದ ಅಪಾಯ ಇದು. ಮದುವೆಯ ಮನೆಯ ಗದ್ದಲವಲ್ಲ.

ಬಾನುಲಿಯ ಸಭೆ ಎಲ್ಲಕ್ಕಿಂತ ವಿಚಿತ್ರವಾದುದು. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಬಳಿಕ ನಮ್ಮ ನಾಡಿನ ವಿದ್ವಾಂಸರಿಗೆ ಕಾಣದ ಶ್ರೋತೃಗಳ ಪರಿಚಯವಾಯಿತು. ಅಲ್ಲಿ ತಲೆದೂಗುವವರಿಲ್ಲ, ‘ಭಲೆ’ ಎನ್ನುವವರಿಲ್ಲ, ಎದುರಿಗಿರುವುದು ಗಡಿಯಾರ. ಆದರೂ ವೀಣೆಗೆ ಇದರಿಂದ ಬಂದ ಲಾಭ ಅಲ್ಪವಲ್ಲ. ದೊಡ್ಡ ಸಭೆಯಲ್ಲಿ ಕರಗಿಹೋಗುತ್ತಿದ್ದ ಸಣ್ಣ ಗಮಕವು ಮನೆಯಲ್ಲಿ ಒಬ್ಬನೇ ಕುಳಿತವನ ಕಿವಿಯ ಬಳಿಯೇ ನುಡಿಯಿತು. ಶೇಷಣ್ಣನವರ ಶಿಷ್ಯರಾದ ವೆಂಕಟಗಿರಿಯಪ್ಪನವರಲ್ಲಿ ಕಲಿತ ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಆಸ್ಥಾನ ವಿದ್ವಾಂಸರಾಗಿದ್ದು, ಮುಂದೆ ಬೆಂಗಳೂರಿನ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ಅರಮನೆಯ ವೀಣೆ ಜನರ ಮನೆಗೆ ಬಂದ ದಾರಿಯನ್ನು ಅವರ ಜೀವನದಲ್ಲಿ ಕಾಣಬಹುದು.

ಹಾಗಾದರೆ ವೈಣಿಕನು ಮಾರ್ಪಡಿಸಬಹುದಾದುವು ಕೃತಿಗಳ ಆಯ್ಕೆ, ಅವುಗಳ ಕ್ರಮ, ವಿಸ್ತಾರ, ಕಾಲಪ್ರಮಾಣ. ಮಾರ್ಪಡಿಸಕೂಡದುವು ಶ್ರುತಿಯ ಶುದ್ಧಿ, ಲಯದ ನಿಷ್ಠೆ, ರಾಗದ ಸ್ವರೂಪ. ಅರ್ಧಗಳಿಗೆಯ ದೇವರನಾಮಕ್ಕೂ ಎರಡು ಗಂಟೆಯ ಪಲ್ಲವಿಗೂ ಈ ಮೂರು ಸಮಾನವಾಗಿರಬೇಕು. ಅರಮನೆಯ ಸಂಬಳವಿಲ್ಲದ ಕಾಲದಲ್ಲಿ ಕರೆದ ಕಡೆಗೆಲ್ಲ ಹೋಗದೆ ಅವನ ಸಂಸಾರ ಸಾಗುವುದು ಕಷ್ಟ. ಹೋದಲ್ಲೆಲ್ಲ ತನ್ನ ವಿದ್ಯೆಯನ್ನು ಬಿಟ್ಟುಕೊಟ್ಟರೆ ಕೊನೆಗೆ ಕರೆಯುವುದಕ್ಕೂ ಕಾರಣ ಉಳಿಯದು.

ಇದರಲ್ಲಿ ನಮಗೂ ಒಂದು ಪಾಲಿದೆ. ವಿದ್ವಾಂಸನಿಗೆ ಸಂಭಾವನೆಯನ್ನು ಕೊಡತಕ್ಕವರು ಕರೆಸಿದವರು. ಮೌನವನ್ನು ಕೊಡತಕ್ಕವರು ಕೇಳುವವರು. ಮುಂದೆ ವೀಣೆಯ ಕಚೇರಿಗೆ ಹೋದಾಗ, ಮೀಟು ಮುಗಿದ ಮೇಲೂ ತಂತಿಯಲ್ಲಿ ಉಳಿದಿರುವ ನಾದವನ್ನು ಕೊನೆಯವರೆಗೆ ಆಲಿಸಿ ನೋಡಬೇಕೆಂದು ನನ್ನ ವಿಜ್ಞಾಪನೆ.