ರಾಡ್ ಬಿಟ್ಟು ಗೀಸರ್‌ಗೆ: ಕಾಕುನ ಬಚ್ಚಲಮನಿ ಲೆಕ್ಕ

ಹೋದ ಚಳಿಗಾಲದಾಗ ಬನಹಟ್ಟಿಯಲ್ಲಿರೋ ನಮ್ಮ ಕಾಕುಗೆ ಕರೆಂಟ್ ಹೊಡೀತು. ಸ್ಟೀಲ್ ಬಕೆಟ್‌ಗೆ ರಾಡ್ ಹಾಕಿದ್ದರು, ನೀರು ಕಾದಾವೋ ಇಲ್ಲೋ ಅಂತ ಬೆರಳು ಅದ್ದಿ ನೋಡಿದರು. ಸ್ವಿಚ್ ಆಫ್ ಮಾಡಿರಲಿಲ್ಲ. ಹಿಂದಕ್ಕೆ ಬಿದ್ದರು, ಪುಣ್ಯಕ್ಕೆ ಉಳಿದರು. ದವಾಖಾನೆಯಿಂದ ಬಂದ ಮೇಲೆ ಮೊದಲ ಮಾತು, "ತಮ್ಮಾ, ಆ ಗೀಸರ್ ಹಾಕಿಸಿದ್ರ ಬಿಲ್ ಎಷ್ಟ ಬರತೈತಿ ನೋಡಪಾ." ಬಿ.ಕಾಂ ಓದಿದವನಿಗೆ ಮನೆಯವರು ಕೊಡೋ ಕೆಲಸ ಇದೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕೋಣೆ ಬಿಸಿ ಮಾಡೋ ಹೀಟರ್ ಯಾರಿಗೂ ಬೇಕಾಗಿಲ್ಲ, ನಮ್ಮ ಬಿಸಿಲೇ ಸಾಕು. ಬೇಕಾಗಿರೋದು ಬೆಳಗ್ಗೆ ಎರಡು ಬಕೆಟ್ ಬಿಸಿ ನೀರು. ಮೊದಲು ಹಂಡೆ ಇತ್ತು, ಆಮೇಲೆ ಹತ್ತಿಕಟಗಿ, ಕುಳ್ಳು ಹಾಕಿ ಉರಿಸೋ ಬಂಬ ಬಂತು. ಈಗ ಕಟಗಿ ತರೋರೂ ಇಲ್ಲ, ಹೊಗೆ ಕುಡಿಯೋರೂ ಇಲ್ಲ.

ಗೀಸರ್ ಬಹಳ ಕರೆಂಟ್ ತಿಂತದೆ, ರಾಡ್ ಕಮ್ಮಿ ತಿಂತದೆ ಅನ್ನೋ ಮಾತು ತಪ್ಪು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 1.16 ವ್ಯಾಟ್-ಅವರ್ ಬೇಕು, ಯಾವುದರಲ್ಲಿ ಕಾಯಿಸಿದರೂ ಅಷ್ಟೇ. 22 ಡಿಗ್ರಿ ಇರೋ 20 ಲೀಟರ್ ಬಕೆಟ್ ನೀರನ್ನು 42ಕ್ಕೆ ತರೋಕೆ ಹತ್ತಿರತ್ತಿರ ಅರ್ಧ ಯೂನಿಟ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಎರಡು, ತಿಂಗಳಿಗೆ 60 ಯೂನಿಟ್ ಅಂತ ಇಟ್ಟುಕೊಳ್ಳಿ.

ಕಾಕುನ ನಿಜವಾದ ಚಿಂತಿ ಇಲ್ಲೇ ಇತ್ತು: ಗೃಹಜ್ಯೋತಿ. 200 ಯೂನಿಟ್‌ವರೆಗೆ ಎಲ್ಲಾ ಪುಕ್ಕಟೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ ನಿಮ್ಮ ಮನೆಯ 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿದರೆ ಬರೋದೇ ನಿಮ್ಮ ಮಿತಿ. ಕಾಕುನ ಸರಾಸರಿ 60, ಅಂದರೆ 66 ಯೂನಿಟ್ ಉಚಿತ. ಗೀಸರ್ ಸೇರಿ 120 ಆದರೆ ಮೇಲಿನ 54 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಆದರೆ ರಾಡ್‌ನ ಯೂನಿಟ್ ಆಗಲೇ ಆ 60ರೊಳಗೆ ಸೇರಿತ್ತು ಅನ್ನೋದು ಕಾಕುಗೆ ಹೊಳೆದಿರಲಿಲ್ಲ. ಬಂಬ ಬಿಟ್ಟು ಗೀಸರ್‌ಗೆ ಬರೋರಿಗೆ ಬಿಲ್ ಜಿಗೀತದೆ, ರಾಡ್ ಬಿಟ್ಟು ಬರೋರಿಗೆ ಅಷ್ಟೇನೂ ಇಲ್ಲ.

ಅಂಗಡಿಯವರು 3 ಲೀಟರ್, 3000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ತೋರಿಸಿದರು. ಅಡುಗೆಮನೆಗೆ ಅದು ಚಲೋ. ಸ್ನಾನಕ್ಕೆ ಒಂದು ಬಕೆಟ್ ತುಂಬಲು ಒಂಬತ್ತು ಹತ್ತು ನಿಮಿಷ ಬೇಕು, ಅದೂ 230 ವೋಲ್ಟ್ ಇದ್ದರೆ. ವೋಲ್ಟೇಜ್ 180ಕ್ಕೆ ಇಳಿದರೆ ಬಿಸಿ ಮಾಡೋ ಶಕ್ತಿ ಸುಮಾರು ಶೇ 40ರಷ್ಟು ಕುಸಿಯುತ್ತೆ. ಹತ್ತು ನಿಮಿಷ ಹದಿನೈದಾಗುತ್ತೆ. ಅದಕ್ಕೇ ನಾವು 15 ಲೀಟರ್, 2000 ವ್ಯಾಟ್‌ನ ಸ್ಟೋರೇಜ್ ಗೀಸರ್ ತಗೊಂಡೆವು. ತುಂಬ ಕಾದ ನೀರಿಗೆ ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಆಗುತ್ತೆ. ಐಎಸ್‌ಐ ಮಾರ್ಕ್ ಮತ್ತು ಸ್ಟಾರ್ ನೋಡಿ, ಉಳಿದ ಬಣ್ಣದ ಲೈಟು, ಡಿಸ್‌ಪ್ಲೇ ಎಲ್ಲ ಶೋಕಿ.

ಫಿಟ್ಟಿಂಗ್ ದಿನ ಎಲೆಕ್ಟ್ರಿಷಿಯನ್ ಬಚ್ಚಲಿನ ಪ್ಲಗ್ ಬಿಚ್ಚಿದರು. ಮೂರನೇ ತೂತಿನ ಹಿಂದೆ ವಾಯರ್ರೇ ಇಲ್ಲ! ಇಷ್ಟು ವರ್ಷ ಆ ಮನೆಗೆ ಅರ್ಥಿಂಗ್ ಇರಲಿಲ್ಲ. ಕಾಕು ಬಿದ್ದಿದ್ದಕ್ಕೆ ಅದೂ ಕಾರಣ. ದಯವಿಟ್ಟು ನಿಮ್ಮ ಮನೆಯದನ್ನು ಇವತ್ತೇ ಒಬ್ಬ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಗೀಸರ್ ತರದಿದ್ದರೂ ಪರವಾಗಿಲ್ಲ. 2000 ವ್ಯಾಟ್ ಅಂದರೆ 8.7 ಆಂಪಿಯರ್. 6 ಆಂಪಿಯರ್‌ನ ಸಣ್ಣ ಸಾಕೆಟ್ ಸುಟ್ಟುಹೋಗುತ್ತೆ. 16 ಆಂಪಿಯರ್ ಸಾಕೆಟ್, ಮೇನ್ ಬೋರ್ಡಿಂದ 2.5 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನ್, ಅದಕ್ಕೆ ತನ್ನದೇ ಎಂಸಿಬಿ ಹಾಕಿಸಿ. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಕರೆಂಟ್ ಮೈಗೆ ಸೋರಿದರೆ ಕಣ್ಣು ಮುಚ್ಚಿ ತೆಗೆಯೋದರೊಳಗೆ ಲೈನ್ ಕಡಿಯೋದು ಇದೇ. ಎಂಸಿಬಿ ಆ ಕೆಲಸ ಮಾಡಲ್ಲ. ಗೀಸರ್‌ಗಿಂತ ವೈರಿಂಗ್‌ಗೇ ದುಡ್ಡು ಹೆಚ್ಚಾದರೂ ಚೌಕಾಶಿ ಬೇಡ.

ಇನ್ನು ನಮ್ಮ ಬೋರಿನ ಸವಳು ನೀರು. ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಗೀಸರ್ ಒಳಗಿನ ಕಾಯಿಲ್ ಮೇಲೂ ಕಟ್ಟುತ್ತೆ. ನೀರು ಕಾದಷ್ಟೂ ಪದರ ಜಾಸ್ತಿ, ಹಾಗಾಗಿ ಥರ್ಮೋಸ್ಟಾಟ್ 50-55ಕ್ಕೆ ಸಾಕು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯೋ ಆನೋಡ್ ರಾಡ್ ಇರುತ್ತೆ, ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ. ಸೇಫ್ಟಿ ವಾಲ್ವ್ ಹನಿ ಬಿಡುತ್ತೆ ಅಂತ ಎಂದೂ ಮುಚ್ಚಬೇಡಿ. ಮೊದಲ ಸಲ ಸ್ವಿಚ್ ಹಾಕೋ ಮುಂಚೆ ಬಿಸಿ ನೀರಿನ ನಲ್ಲಿ ತಿರುಗಿಸಿ, ನೀರು ಧಾರೆಯಾಗಿ ಬಂದ ಮೇಲಷ್ಟೇ ಹಾಕಿ.

ಕಾಕು ದೀಪಾವಳಿಗೆ ಈಗಲೂ ಬಂಬ ಹಚ್ಚುತ್ತಾರೆ. ರಾಡ್ ಮಾತ್ರ ಗುಜರಿಗೆ ಹೋಯಿತು. ಕೊಡೋ ಮುಂಚೆ ಅದರ ವಾಯರ್ ತಾವೇ ಕತ್ತರಿಸಿದರು, ಇನ್ನೊಬ್ಬರು ಯಾರೂ ಅದನ್ನು ನೀರಿಗೆ ಹಾಕಬಾರದು ಅಂತ.