ಹೊಸಬರ ಪ್ರಶ್ನೆಗೆ ಹಳಬರ ಕಿವಿ ಬೇಕು

ಜುಲೈ ತಿಂಗಳು ಬಂತೆಂದರೆ ನಗರದ ಸೇವಾ ಕ್ಲಬ್‌ಗಳಿಗೆ ಅದು ಹೊಸ ವರ್ಷ. ಹೊಸ ಅಧ್ಯಕ್ಷರ ಪದಗ್ರಹಣ, ಕಾರ್ಯದರ್ಶಿಯ ವರದಿ, ಅತಿಥಿಗಳ ಭಾಷಣ ಇವುಗಳ ನಡುವೆ ಹತ್ತು ನಿಮಿಷಗಳ ಒಂದು ಪುಟ್ಟ ವಿಧಿಯೂ ನಡೆಯುತ್ತದೆ. ಹೊಸ ಸದಸ್ಯರನ್ನು ವೇದಿಕೆಗೆ ಕರೆದು, ಅವರ ವಿದ್ಯಾಭ್ಯಾಸ, ಉದ್ಯೋಗ, ಕುಟುಂಬಗಳ ವಿವರ ಓದಿ, ಎದೆಗೆ ಪಿನ್ ತೊಡಿಸಿ, ಚಪ್ಪಾಳೆಯೊಡನೆ ಬರಮಾಡಿಕೊಳ್ಳಲಾಗುತ್ತದೆ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಅಧ್ಯಕ್ಷರ ಚಿತ್ರ ಬರುತ್ತದೆ. ಹೊಸ ಸದಸ್ಯರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಆದರೂ ಆ ಸಂಜೆಯ ಮುಖ್ಯ ಘಟನೆ ಆ ಪುಟ್ಟ ವಿಧಿಯೇ ಎಂದು ನಾನು ನಂಬಿದ್ದೇನೆ. ಅಧ್ಯಕ್ಷರ ಅವಧಿ ಒಂದು ವರ್ಷದ್ದು. ಹೊಸ ಸದಸ್ಯ ಉಳಿದುಕೊಂಡರೆ ಅದು ಮೂವತ್ತು ವರ್ಷಗಳ ಮಾತು.

ಉಳಿದುಕೊಂಡರೆ ಎಂಬುದೇ ಇಲ್ಲಿನ ಪ್ರಶ್ನೆ. ಇಂದಿರಾನಗರದ ಒಂದು ಸೇವಾ ಕ್ಲಬ್‌ನಲ್ಲಿ ಎರಡು ದಶಕಗಳಿಂದ ಸದಸ್ಯನಾಗಿರುವ ನಾನು ಈ ವಿಧಿಯನ್ನು ಹಲವಾರು ಬಾರಿ ನೋಡಿದ್ದೇನೆ. ಸೇರುವವರಿಗೆ ನಮ್ಮಲ್ಲಿ ಬರವಿಲ್ಲ. ಜುಲೈನಲ್ಲಿ ಪಿನ್ ತೊಟ್ಟವರು ದೀಪಾವಳಿಯ ಹೊತ್ತಿಗೆ ಅಪರೂಪವಾಗುತ್ತಾರೆ, ಯುಗಾದಿಯ ಹೊತ್ತಿಗೆ ಅವರ ಕುರ್ಚಿ ಖಾಲಿಯಾಗುತ್ತದೆ. ಇದು ನಮ್ಮೊಬ್ಬರ ಕಥೆಯೂ ಅಲ್ಲ. ರೋಟರಿ ಸಂಸ್ಥೆಯ ಜಾಗತಿಕ ಸದಸ್ಯಬಲ ಸುಮಾರು ಎರಡು ದಶಕಗಳಿಂದ 12 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. 2021-22ರಲ್ಲಿ ಅದರ ವಿಶ್ವ ಅಧ್ಯಕ್ಷರಾಗಿದ್ದ ಕೋಲ್ಕತ್ತದ ಶೇಖರ್ ಮೆಹ್ತಾ, ಪ್ರತಿಯೊಬ್ಬ ಸದಸ್ಯನೂ ಇನ್ನೊಬ್ಬನನ್ನು ಕರೆತರಬೇಕೆಂದು ಕರೆ ಕೊಟ್ಟು, ಸಂಖ್ಯೆಯನ್ನು 13 ಲಕ್ಷಕ್ಕೆ ಏರಿಸುವ ಗುರಿ ಇಟ್ಟರು. ಆ ಬಳಿಕವೂ ಅಂಕಿ ಹೆಚ್ಚೇನೂ ಕದಲಲಿಲ್ಲ. ಬಾಗಿಲಲ್ಲಿ ಬಂದವರು ಕಿಟಕಿಯಲ್ಲಿ ಹೋಗುತ್ತಿದ್ದರೆ, ಬಾಗಿಲನ್ನು ಇನ್ನಷ್ಟು ತೆರೆದು ಪ್ರಯೋಜನವೇನು?

ಹೊಸಬರು ಏಕೆ ಹೋಗುತ್ತಾರೆ ಎಂದು ಕೇಳಿದರೆ ಹಳಬರ ಬಳಿ ಸಿದ್ಧ ಉತ್ತರಗಳಿವೆ. ಇಂದಿನವರಿಗೆ ಸಮಯವಿಲ್ಲ, ವಾಹನ ದಟ್ಟಣೆ ಹೆಚ್ಚು, ಸೇವಾಭಾವ ಕಡಿಮೆ. ಈ ಉತ್ತರಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಸೇವಾ ಕ್ಲಬ್ ಎಂಬ ಕಲ್ಪನೆಯ ಮೂಲಕ್ಕೇ ಹೋದರೆ ಬೇರೊಂದು ಉತ್ತರ ದೊರೆಯುತ್ತದೆ.

1905ರ ಫೆಬ್ರುವರಿ 23ರಂದು ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಸ್ನೇಹಿತರೊಡನೆ ಕಲೆತಾಗ ರೋಟರಿ ಹುಟ್ಟಿತು. ಆಗ ಅದು ಸೇವಾ ಸಂಸ್ಥೆಯಾಗಿರಲಿಲ್ಲ. ಸದಸ್ಯರು ಪರಸ್ಪರ ಸ್ನೇಹದಿಂದಿರುವುದು, ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ನೆರವಾಗುವುದು, ಇವೆರಡೇ ಅದರ ಉದ್ದೇಶಗಳು. ಮರುವರ್ಷ, 1906ರಲ್ಲಿ, ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನಿಗೆ ಸದಸ್ಯತ್ವದ ಆಹ್ವಾನ ಹೋಯಿತು. ನಿಯಮಾವಳಿಯನ್ನು ಓದಿದ ಕಾರ್ಟರ್ ಒಪ್ಪಲಿಲ್ಲ. ತನ್ನ ಸದಸ್ಯರಿಗಲ್ಲದೆ ಬೇರೆ ಯಾರಿಗೂ ಉಪಯೋಗವಿಲ್ಲದ ಸಂಘದಿಂದ ಏನಾದೀತು, ಊರಿಗೂ ಏನಾದರೂ ಮಾಡಬಾರದೇ ಎಂಬುದು ಆತನ ಪ್ರಶ್ನೆ. ಹ್ಯಾರಿಸ್ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ನಗರದ ಹಿತಸಾಧನೆ ಎಂಬ ಮೂರನೆಯ ಉದ್ದೇಶ ನಿಯಮಾವಳಿಗೆ ಸೇರಿತು, ಕಾರ್ಟರ್ ಕ್ಲಬ್‌ಗೆ ಸೇರಿದ. 1907ರಲ್ಲಿ ಆ ಕ್ಲಬ್ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕಾರ್ಯ ನಗರಕ್ಕೆ ಸಾರ್ವಜನಿಕ ಶೌಚಾಲಯಗಳು ಬೇಕೆಂಬ ಆಂದೋಲನ.

ಈ ಪ್ರಸಂಗವನ್ನು ನಮ್ಮ ಸಭೆಗಳಲ್ಲಿ ಚರಿತ್ರೆಯ ಒಂದು ತುಣುಕಾಗಿ ಹೇಳಿ ಮುಂದೆ ಸಾಗುತ್ತೇವೆ. ಅದರ ಅರ್ಥ ಅಷ್ಟು ಸಣ್ಣದಲ್ಲ. ಸೇವಾ ಕ್ಲಬ್ ಸೇವಾ ಕ್ಲಬ್ ಆದದ್ದೇ, ಇನ್ನೂ ಒಳಗೆ ಕಾಲಿಡದಿದ್ದ ಒಬ್ಬ ಹೊಸಬ ಕೇಳಿದ ಪ್ರಶ್ನೆಯಿಂದ. ಆತನಿಗೆ ‘ಮೊದಲು ಸೇರಿಕೊಳ್ಳಿ, ಆಮೇಲೆ ನೋಡೋಣ’ ಎಂದಿದ್ದರೆ, ಬೆಂಗಳೂರಿನಲ್ಲಿ 1934ರಲ್ಲಿ ರೋಟರಿ ಕ್ಲಬ್ ಆರಂಭವಾಗುತ್ತಿತ್ತೋ ಇಲ್ಲವೋ.

ನಮ್ಮ ದಂಡು ಪ್ರದೇಶಕ್ಕೆ ಕ್ಲಬ್ ಹೊಸದಲ್ಲ, ದಾನಧರ್ಮವೂ ಹೊಸದಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ದಂಡನ್ನು ಸ್ಥಾಪಿಸಿದ ಮೇಲೆ ಅಧಿಕಾರಿಗಳ ವಿಹಾರಕ್ಕೆ ಕ್ಲಬ್‌ಗಳು ಬಂದವು. ಇಂದಿನ ಬೆಂಗಳೂರು ಕ್ಲಬ್ 1868ರಲ್ಲಿ ಯುನೈಟೆಡ್ ಸರ್ವಿಸ್ ಕ್ಲಬ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದೇ ಅಂತಹ ಕ್ಲಬ್‌ಗಳ ಪ್ರತಿಷ್ಠೆ. ಅದೇ ಕಾಲದಲ್ಲಿ ಅದರ ಹೊರಗಿದ್ದವರು ಊರನ್ನು ನೋಡಿಕೊಂಡರು. ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರ ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಶಾಲೆ ತೆರೆದರು. ಹಲಸೂರು ಕೆರೆಯ ಬಳಿ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳು ಇಂದಿಗೂ ಅವರ ಹೆಸರು ಹೊತ್ತಿವೆ. ಶಿವಾಜಿನಗರದ ಗೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಟ್ ಅವರ ಹೆಸರಿನಲ್ಲಿದೆ. ಒಬ್ಬ ಶ್ರೀಮಂತ, ಒಂದು ಮನೆತನ ಕೊಟ್ಟದ್ದನ್ನು ಹಲವರು ಪಡೆದ ಮಾದರಿ ಅದು.

ಸೇವಾ ಕ್ಲಬ್ ಈ ಎರಡನ್ನೂ ಬೆಸೆಯಲು ಹೊರಟಿತು. ಕ್ಲಬ್‌ನಿಂದ ಸದಸ್ಯತ್ವದ ಕ್ರಮವನ್ನು, ದಾನಿಗಳಿಂದ ಊರಿನ ಕಾಳಜಿಯನ್ನು ಪಡೆಯಿತು. ಜೊತೆಗೆ ತನ್ನದೇ ಆದ ಒಂದು ತತ್ವವನ್ನು ಸೇರಿಸಿತು. ಜಾತಿ, ಧರ್ಮ, ಮನೆತನಗಳನ್ನು ನೋಡದೆ ಒಂದೊಂದು ವೃತ್ತಿಯಿಂದ ಒಬ್ಬೊಬ್ಬರನ್ನು ಆರಿಸುವುದು. ರೋಟರಿಯ ಮೊದಲ ನಾಲ್ವರಲ್ಲಿ ವಕೀಲ ಮತ್ತು ಗಣಿ ಎಂಜಿನಿಯರ್ ಜೊತೆಗೆ ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಬಟ್ಟೆ ಹೊಲಿಸಿ ಮಾರುವ ದರ್ಜಿ ವರ್ತಕ ಇದ್ದರೆಂಬುದನ್ನು ಗಮನಿಸಬೇಕು. ಒಂದು ವೃತ್ತಿಗೆ ಒಬ್ಬರೇ ಎಂಬ ಕಟ್ಟುನಿಟ್ಟು 2001ರಲ್ಲಿ ಸಡಿಲವಾಯಿತು. ಆದರೆ ಊರಿನ ಎಲ್ಲ ಕಸುಬುಗಳೂ ಒಂದು ಮೇಜಿನ ಸುತ್ತ ಕೂರಬೇಕೆಂಬ ಆಶಯ ಉಳಿದಿದೆ.

ನಮ್ಮ ಮೇಜಿನ ಸುತ್ತ ಯಾರಿದ್ದಾರೆ? ಲೆಕ್ಕ ಪರಿಶೋಧಕರು, ವೈದ್ಯರು, ಕಟ್ಟಡ ನಿರ್ಮಾಪಕರು, ಸಾಫ್ಟ್‌ವೇರ್ ಕಂಪನಿಯ ಹಿರಿಯ ಅಧಿಕಾರಿಗಳು. ರಸೆಲ್ ಮಾರ್ಕೆಟ್ಟಿನ ಹಣ್ಣಿನ ವರ್ತಕರಾಗಲಿ, ಹಲಸೂರಿನ ಮುದ್ರಣಾಲಯದ ಮಾಲೀಕರಾಗಲಿ, ಕೆ.ಆರ್. ಪುರದ ಸರ್ಕಾರಿ ಶಾಲೆಯ ಶಿಕ್ಷಕಿಯಾಗಲಿ ಇಲ್ಲ. ಅವರನ್ನು ಬೇಡವೆಂದವರು ಯಾರೂ ಇಲ್ಲ. ಯಾರೂ ಕರೆದಿಲ್ಲ, ಅಷ್ಟೆ. ಸದಸ್ಯತ್ವದ ಕ್ರಮವೇ ಹಾಗಿದೆ. ಈಗಿರುವ ಸದಸ್ಯರೊಬ್ಬರು ಹೆಸರು ಸೂಚಿಸಬೇಕು, ಆಡಳಿತ ಮಂಡಳಿ ಒಪ್ಪಬೇಕು, ಹೆಸರನ್ನು ಎಲ್ಲರಿಗೂ ತಿಳಿಸಿ ಆಕ್ಷೇಪಣೆಗೆ ಏಳು ದಿನ ಕೊಡಬೇಕು. ನಾವು ಸೂಚಿಸುವುದು ನಮಗೆ ಗೊತ್ತಿರುವವರನ್ನು. ನಮಗೆ ಗೊತ್ತಿರುವವರು ನಮ್ಮಂತೆಯೇ ಇರುವವರು. ಸಭೆಯ ಭಾಷೆ ಇಂಗ್ಲಿಷ್, ಸಭೆಯ ನಂತರದ ಭೋಜನ ಹೋಟೆಲಿನಲ್ಲಿ. ಕನ್ನಡ, ತಮಿಳು, ಉರ್ದು, ತೆಲುಗು ನಾಲ್ಕೂ ಬೆರೆತ ಈ ಪೂರ್ವ ಭಾಗದಲ್ಲಿ ಅಂತಹ ಮೇಜಿಗೆ ಅರ್ಧ ಊರು ಬರಲಾರದು.

ಬಾಗಿಲು ಅಗಲವಾದಾಗ ಕ್ಲಬ್ ಕುಸಿಯುತ್ತದೆಂಬ ಭಯ ಹಳೆಯದು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ ಸದಸ್ಯರು ಕಡಿಮೆಯಾದಾಗ, 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಅಂತರರಾಷ್ಟ್ರೀಯ ಸಂಸ್ಥೆ ಆ ಕ್ಲಬ್‌ನ ಮಾನ್ಯತೆಯನ್ನೇ ರದ್ದುಪಡಿಸಿತು. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1987ರಲ್ಲಿ ತೀರ್ಪು ಮಹಿಳೆಯರ ಪರವಾಗಿ ಬಂತು. 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿತು. ಇಂದು ನಮ್ಮ ಕ್ಲಬ್‌ನಲ್ಲಿ ಕೆಲಸ ಮಾಡುವವರ ಹೆಸರು ಬರೆಯಲು ಹೇಳಿದರೆ ಪಟ್ಟಿಯ ಮೇಲರ್ಧದಲ್ಲಿ ಮಹಿಳೆಯರೇ ಇರುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಕೆ.ಆರ್. ಪುರದ ಕಡೆಯಿಂದ ಒಬ್ಬ ಯುವತಿ ಸೇರಿದರು. ಸಾಫ್ಟ್‌ವೇರ್ ಎಂಜಿನಿಯರ್. ಮೂರನೆಯ ಸಭೆಯಲ್ಲಿ, ಪ್ರತಿ ವರ್ಷದಂತೆ ಒಂದು ಸರ್ಕಾರಿ ಶಾಲೆಗೆ ನೋಟ್‌ಬುಕ್ ಹಂಚುವ ವಿಷಯ ಬಂತು. ಆಕೆ ಎದ್ದು, ‘ಸರ್, ಆ ಶಾಲೆಯವರಿಗೆ ಏನು ಬೇಕು ಅಂತ ನಾವು ಕೇಳಿದ್ದೀವಾ?’ ಎಂದರು. ಹಿರಿಯರೊಬ್ಬರು ನಗುತ್ತಲೇ, ‘ಸ್ವಲ್ಪ ದಿನ ನೋಡಿ ಮೇಡಂ, ಎಲ್ಲಾ ಅರ್ಥ ಆಗುತ್ತೆ’ ಎಂದರು. ಆ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೇ ನಿಂತಿತು. ಆಕೆ ಸಭೆಗೆ ಬರುವುದು ಕ್ರಮೇಣ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು.

ಮರುವರ್ಷ ನಾವಿಬ್ಬರು ಸದಸ್ಯರು ಆ ಶಾಲೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆವು. ಮುಖ್ಯ ಶಿಕ್ಷಕಿ ಸಂಕೋಚದಿಂದಲೇ, ನೋಟ್‌ಬುಕ್ ಕೊಡುವವರು ಮೂರು ಸಂಘದವರಿದ್ದಾರೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಮಾತ್ರ ನೀರು ಬರುವುದಿಲ್ಲ ಎಂದರು. ಒಂದು ತೊಟ್ಟಿ, ಒಂದಷ್ಟು ಪೈಪು, ಒಬ್ಬ ಪ್ಲಂಬರ್ ಸಾಕಾಯಿತು. ನೋಟ್‌ಬುಕ್‌ಗಳಿಗೆ ಆಗುತ್ತಿದ್ದುದಕ್ಕಿಂತ ಕಡಿಮೆ ಹಣ. ಪ್ರಶ್ನೆ ಕೇಳಿದಾಕೆ ಅಷ್ಟರಲ್ಲಿ ನಮ್ಮೊಡನೆ ಇರಲಿಲ್ಲ. ಆಮೇಲೊಮ್ಮೆ ರಕ್ತದಾನ ಶಿಬಿರದಲ್ಲಿ ಸಿಕ್ಕಾಗ ಅವರು ಹೇಳಿದ್ದಿಷ್ಟು: ‘ಸೇವೆ ಬಿಟ್ಟಿಲ್ಲ ಸರ್, ಮೀಟಿಂಗ್ ಬಿಟ್ಟಿದ್ದೀನಿ.’ ತಮ್ಮ ಅಪಾರ್ಟ್‌ಮೆಂಟಿನ ಏಳೆಂಟು ಮಂದಿಯೊಡನೆ ವಾರಾಂತ್ಯಗಳಲ್ಲಿ ಅವರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಸೇವಾಭಾವ ಕಡಿಮೆಯಾಗಿದೆ ಎಂಬ ಹಳಬರ ಉತ್ತರವನ್ನು ಅಂದಿನಿಂದ ನಾನು ಒಪ್ಪುವುದಿಲ್ಲ.

ಹಾಗೆಂದು ಹಳಬರದು ಬರೀ ಹಟ ಎನ್ನಲಾಗದು. ಸಂಸ್ಥೆ ಎಂದರೆ ಬೇಸರವಾದರೂ ಬಿಡದೆ ಮಾಡುವ ಕೆಲಸ. ರೋಟರಿ ಪೋಲಿಯೊ ವಿರುದ್ಧದ ಕಾರ್ಯಕ್ರಮ ಆರಂಭಿಸಿದ್ದು 1985ರಲ್ಲಿ. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ದೇಶ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ದೊರೆತದ್ದು 2014ರ ಮಾರ್ಚ್ 27ರಂದು. ಅಷ್ಟು ವರ್ಷ ಸರ್ಕಾರದ ಕಾರ್ಯಕರ್ತೆಯರ ಜೊತೆ ಅದೇ ಎರಡು ಹನಿ, ಅದೇ ಬೀದಿ, ಅದೇ ಬಾಗಿಲು. ನಮ್ಮ ತಿಪ್ಪಸಂದ್ರದ ರೋಟರಿ–ಟಿಟಿಕೆ ರಕ್ತನಿಧಿಯೂ ಹಾಗೆಯೇ. ಅದನ್ನು ನಡೆಸುವ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಹುಟ್ಟಿದ್ದು 1984ರಲ್ಲಿ. ಹಣಕ್ಕೆ ರಕ್ತ ಕೊಡುವ ಪದ್ಧತಿ ಸುಪ್ರೀಂ ಕೋರ್ಟ್ ಆದೇಶದಂತೆ 1998ರ ಜನವರಿ 1ರಿಂದ ನಿಷೇಧವಾದ ಮೇಲೆ, ಸ್ವಯಂಪ್ರೇರಿತ ದಾನಿಗಳನ್ನು ದಿನವೂ ಹುಡುಕುವುದು ಎಂದಿಗೂ ಮುಗಿಯದ ಕೆಲಸವಾಗಿದೆ. ಇದಕ್ಕೆ ಹೊಸಬರ ಉತ್ಸಾಹವೊಂದೇ ಸಾಲದು, ಹಳಬರ ತಾಳ್ಮೆ ಬೇಕು. ಆದರೆ ತಾಳ್ಮೆಯನ್ನು ಕಲಿಸಬೇಕಾದರೆ ಕಲಿಯುವವರು ಉಳಿದಿರಬೇಕಲ್ಲವೇ?

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಹೊಸ ಸದಸ್ಯರನ್ನು ಕ್ಲಬ್‌ಗೆ ಪರಿಚಯಿಸುವ ಮುನ್ನ ಊರಿಗೆ ಪರಿಚಯಿಸೋಣ. ಪಿನ್ ತೊಡಿಸುವ ಮೊದಲು ಅವರ ಹೆಸರು ಸೂಚಿಸಿದ ಸದಸ್ಯರು ಒಂದು ದಿನ ಅವರನ್ನು ಜೊತೆಗೆ ಕರೆದುಕೊಂಡು ರಕ್ತನಿಧಿಗೆ, ಹಲಸೂರಿನ ಒಂದು ಸರ್ಕಾರಿ ಶಾಲೆಗೆ, ಶಿವಾಜಿನಗರದ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಬರಲಿ. ಇನ್ನೊಂದು ದಿನ ಹೊಸಬರೇ ಹಳಬರನ್ನು ತಮ್ಮ ಬಡಾವಣೆಗೆ ಕರೆದೊಯ್ಯಲಿ. ಕೃಷ್ಣರಾಜಪುರ 2007ರವರೆಗೆ ಪ್ರತ್ಯೇಕ ನಗರಸಭೆಯಾಗಿತ್ತು. ನಮ್ಮ ಅನೇಕ ಹಿರಿಯ ಸದಸ್ಯರ ಮನಸ್ಸಿನಲ್ಲಿ ಅದು ಈಗಲೂ ಬೇರೆ ಊರೇ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಮೆಟ್ರೊ ಓಡತೊಡಗಿದ ಮೇಲೆ ಇಂದಿರಾನಗರದಿಂದ ಅಲ್ಲಿಗೆ ನಾಲ್ಕೇ ನಿಲ್ದಾಣ. ದಟ್ಟಣೆಯ ನೆಪ ಇನ್ನು ನಡೆಯದು.

ಇನ್ನು ಪದಗ್ರಹಣದ ವೇದಿಕೆಯ ವಿಷಯ. ಹೊಸ ಸದಸ್ಯರ ಪದವಿಗಳ ಪಟ್ಟಿಯನ್ನು ನಾವು ಓದುವ ಬದಲು ಅವರಿಗೇ ಎರಡು ನಿಮಿಷ ಕೊಟ್ಟು, ನಿಮ್ಮ ಬೀದಿಯಲ್ಲಿ ನಿಮಗೆ ಕಾಣುವ ಕೊರತೆ ಯಾವುದು ಎಂದು ಕೇಳಬಹುದು. ಸಾಧ್ಯವಾದರೆ ಕನ್ನಡದಲ್ಲೇ ಕೇಳಬಹುದು. ಉತ್ತರವನ್ನು ಕಾರ್ಯದರ್ಶಿ ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೂರು ತಿಂಗಳೊಳಗೆ ಕ್ಲಬ್ ಅದಕ್ಕೆ ಉತ್ತರ ಹೇಳಲಿ: ಮಾಡುತ್ತೇವೆ, ಅಥವಾ ಇಂಥ ಕಾರಣಕ್ಕೆ ಮಾಡಲಾರೆವು. ಆಗದ ಕೆಲಸಕ್ಕೆ ಹೇಳಿದ ಕಾರಣವನ್ನು ವಿವೇಕಿಗಳು ಒಪ್ಪುತ್ತಾರೆ. ಕೇಳದಂತೆ ನಟಿಸಿದ್ದನ್ನು ಯಾರೂ ಒಪ್ಪುವುದಿಲ್ಲ. ಮುಂದಿನ ಜುಲೈಗೆ ಎಷ್ಟು ಮಂದಿ ಸೇರಿದರು ಎಂಬ ವರದಿಯ ಪಕ್ಕದಲ್ಲಿ, ಹಿಂದಿನ ಜುಲೈನಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂಬ ಇನ್ನೊಂದು ಸಾಲನ್ನೂ ಕಾರ್ಯದರ್ಶಿಗಳು ಓದಲಿ. ಕ್ಲಬ್‌ನ ನಿಜವಾದ ಆಯವ್ಯಯ ಆ ಸಾಲಿನಲ್ಲಿದೆ.